ಮನಿಗೆ ಬರ್ತೇವಿ ಅಂದ ದಿನ

ನಾನು ಸವಣೂರಾಕಿ. ನಮ್ಮಪ್ಪಂದು ಎಲಿ ತೋಟ. ನನ್ನನ್ನ ಹಾನಗಲ್ಲಿಗೆ ಕೊಟ್ಟ ಮ್ಯಾಲೂ ವಾರಕ್ಕೊಮ್ಮೆ ಒದ್ದಿ ಅರಿವ್ಯಾಗ ಸುತ್ತಿದ ಎಲಿ ಬುಟ್ಟಿ ಬರ್ತಿತ್ತು. ಅರ್ಧಾ ನನಗ, ಅರ್ಧಾ ನಮ್ಮ ಅತ್ತಿಗೆ. ಬಾಯಿ ಕೆಂಪಿಲ್ಲದ ನನ್ನ ನೋಡಿದವರು ಆ ಓಣ್ಯಾಗ ಯಾರೂ ಇರಲಿಲ್ಲ. ಹಿಂಗಾಗಿ ಕೆಮ್ಮಿದಾಗ ಸೆರಗಿಗೆ ಕೆಂಪು ಹತ್ತಿದ್ರ ಯಾರಿಗೂ ಏನೂ ಅನಸಲಿಲ್ಲ. ಖರೇ ಹೇಳಬೇಕಂದ್ರ ನನಗೂ ಅನಸಲಿಲ್ಲ. "ಎಷ್ಟು ಎಲಿ ತಿಂತಿಯವ್ವಾ, ಮಗಳಿಗೆ ಇನ್ನೂ ಹಲ್ಲು ಬಂದಿಲ್ಲ, ಆಕಿ ಬಾಯೂ ಕೆಂಪು ಮಾಡ್ತಿ," ಅಂತ ಅತ್ತಿ ಬೈತಿದ್ರು. ಬೈಕೋತನ ತಾವೂ ಒಂದು ಎಲಿಗೆ ಸುಣ್ಣಾ ಹಚ್ಚಿ ದವಡಿಗೆ ಇಟಗೊತಿದ್ರು.

ಶಿವರಾತ್ರಿ ಬಂತು. ಉಪಾಸ. ಮುಂಜಾನಿಂದ ಬಾಯಾಗ ನೀರು ಬಿಟ್ರ ಏನೂ ಇಲ್ಲ. ಪಡಸಾಲ್ಯಾಗ ಕುಂತು ನೀಲಾಗ ಹಾಲು ಕುಡಸಾಕತ್ತಿದ್ದೆ. ಕೆಮ್ಮು ಬಂತು, ಸೆರಗು ಬಾಯಿಗೆ ಹಿಡಕೊಂಡೆ. ಅತ್ತಿ ನೋಡಿದ್ರು.

"ಶಿವರಾತ್ರಿ ದಿನಾನೂ ಎಲಿ ಬಿಡಲಿಲ್ಲೇನ ನೀ?"

"ತಿಂದಿಲ್ರಿ ಅತ್ತಿ."

"ಮತ್ತ ಇದೇನು?"

ಇಬ್ಬರೂ ಸೆರಗು ನೋಡಿದ್ವಿ. ಅತ್ತಿ ಬಗ್ಗಿ ಮಗೀನ್ನ ನನ್ನ ಎದಿಯಿಂದ ಬಿಡಿಸಿ ಎತ್ತಿಕೊಂಡ್ರು. ಹಸಿದ ಕೂಸು, ಚಿಟ್ಟನ ಚೀರಿತು. ಆಗ ನೀಲಾಗ ಏಳು ತಿಂಗಳು. ಮತ್ತ ನನ್ನ ಕೈಗೆ ಆಕಿ ಯಾವಾಗ ಬರ್ತಾಳ ಅಂತ ಅವತ್ತು ಗೊತ್ತಿದ್ರ, ಅತ್ತಿ ಜೋಡಿ ಜಗಳಾ ತಗದರ ಇನ್ನೊಂದು ಗಳಿಗಿ ಹಿಡಕೊಂತಿದ್ದೆ.

ಮರುದಿನ ದವಾಖಾನಿಗೆ ಹೋದ್ವಿ. ನಮ್ಮ ಭಾಗದ ಉಳ್ಳವರು ಕೂಡಿ ಊರ ಹೊರಗ, ತಿಳವಳ್ಳಿ ಹಾದಿ ಮ್ಯಾಲ ಕಟ್ಟಿಸಿದ ದವಾಖಾನಿ ಅದು. ಕಟ್ಟೀ ಮ್ಯಾಲ ಒಬ್ಬರ ಪಕ್ಕಕ್ಕ ಒಬ್ಬರು ಕುಂತಿದ್ವಿ. ಯಾರರ ಕೆಮ್ಮಿದ್ರ ಸಾಕು, ಎಲ್ಲಾರೂ ಆ ಕಡೆ ತಿರುಗಿ ನೋಡಿ, ಒಂದಿಷ್ಟು ಸರದು ಕುಂದರೋದು. ನಾನೂ ಸರದೆ, ನನ್ನಿಂದಲೂ ಸರದ್ರು. ಡಾಕ್ಟರು ವಯಸ್ಸಾದವರು, ಮಾತು ಕಡಿಮಿ. ಎದಿ ಮ್ಯಾಲ ಬೆರಳು ಬಡದು ಬಡದು ಕೇಳಿದ್ರು. ಆಮ್ಯಾಲೆ ನನಗ ಏನೂ ಹೇಳಲಿಲ್ಲ, ನಮ್ಮ ಮನಿಯವರನ್ನ ಹೊರಗ ಕರಕೊಂಡು ಹೋದ್ರು. ಬ್ಯಾನಿ ನನ್ನದು, ಮಾತು ಅವರಿಬ್ಬರದು! ಕಿಡಕಿಯಿಂದ ನೋಡಿದೆ. ನಮ್ಮ ಮನಿಯವರು ತಲಿ ಮ್ಯಾಲಿನ ಟೊಪಿಗಿ ತಗದು ಕೈಯಾಗ ಹಿಡಕೊಂಡು ನಿಂತಿದ್ರು. ಹಂಗ ಅವರು ಟೊಪಿಗಿ ತಗದಿದ್ದು ಅವರಪ್ಪ ಸತ್ತಾಗ ಒಮ್ಮೆ ನೋಡಿದ್ದೆ. ಕ್ಷಯ ಅಂತ ನನಗ ಯಾರೂ ಹೇಳಲೇ ಇಲ್ಲ, ಆ ಟೊಪಿಗಿ ನೋಡಿ ತಿಳಕೊಂಡೆ.

ದವಾಖಾನಿ ಹಿಂದ, ಹಿಂದಕ್ಕ ಪ್ಲೇಗಿನ ಕಾಲಕ್ಕ ಹಾಕಿದ ಉದ್ದನ್ನ ಹಂಚಿನ ಮನಿ ಇತ್ತು. ಅಲ್ಲಿ ನಮ್ಮಂಥವರು. ಸುತ್ತಲೂ ಕಳ್ಳಿ ಬೇಲಿ. ಹೆಂಗಸರ ಕಡೆ ನಾಕು ಹಾಸಿಗಿ, ನಾಕನೇದ್ದು ನನ್ನದು. ನನ್ನ ಬಲಕ್ಕ ತಿಳವಳ್ಳಿ ಬಸಲಿಂಗವ್ವ, ದೊಡ್ಡ ಹೊಲಮನಿ ಇದ್ದ ಮುದುಕಿ, ಬಾಯಿ ಅಂದ್ರ ಬಾಯಿ. ಆಚಿಗೆ ಶಿಗ್ಗಾಂವಿ ಸಾಲಿ ಮಾಸ್ತರ ಹೆಂಡತಿ ರುಕ್ಮಿಣೀಬಾಯಿ, ವೈಷ್ಣವರು, ಮಡಿ ಹೆಂಗಸು. ಬಾಗಲದ ಹತ್ತಿರ ಹಿರೇಕೆರೂರ ಕಡೆ ಒಂದು ಹುಡುಗಿ, ಲಗ್ನಾಗಿ ಆರು ತಿಂಗಳಿಗೇ ಗಂಡನ ಮನಿಯವರು ತಂದು ಬಿಟ್ಟು ಹೋಗಿದ್ರು. ಆಕಿ ಮಾತಾಡ್ತಿರಲಿಲ್ಲ.

ಮೊದಲಿನ ದಿನಗಳದ್ದು ನನಗ ಕೆಮ್ಮಿಗಿಂತ ಎದಿ ಹಾಲಿನದೇ ನೆನಪು ಭಾಳ. ಕುಡಿಯೋ ಕೂಸು ಊರಾಗ, ಹಾಲು ಇಲ್ಲಿ. ಕುಪ್ಪಸ ತೊಯ್ತಿತ್ತು, ಎದಿ ಕಲ್ಲಾಗ್ತಿತ್ತು. ಬೇಲಿ ಆಚೆ ಯಾರದರ ಮಗು ಅತ್ರ ಸುರೀತಿತ್ತು. ಬಸಲಿಂಗವ್ವ ವೀಳ್ಯದೆಲಿ ಬಿಸಿ ಮಾಡಿ ಕಟ್ಟಗೋ ಅಂತ ಹೇಳಿ, ತಾನೇ ಎದ್ದು ಬಂದು ಕಟ್ಟಿದ್ಳು. "ಅಳು, ಅಳು, ಹಾಲರ ಕಡಿಮಿ ಆಗ್ತದ," ಅಂದ್ಳು. ಅತ್ತೆ. ಒಂದು ದಿನ ಹಾಲು ನಿಂತೇ ಹೋತು. ಅವತ್ತು ಮತ್ತೂ ಭಾಳ ಅತ್ತೆ.

ಔಷಧಾ ಅಂದ್ರ ಏನು? ಮಲಗೋದು. ಗಾಳಿ. ಹಾಲು. ಪಕ್ಕಡಿಗೆ ದಬ್ಬಣದಂಥಾ ಸೂಜಿ ಚುಚ್ಚಿ ಎದಿಯಾಗ ಗಾಳಿ ತುಂಬೋದು. ಮ್ಯಾಲ ತತ್ತಿ ತಿನ್ನಬೇಕು, ಮೀನೆಣ್ಣಿ ಕುಡೀಬೇಕು ಅಂದ್ರು. ಕೊರಳಾಗ ಲಿಂಗಾ ಕಟಗೊಂಡಾಕಿ ನಾ, ತತ್ತಿ ತಿನ್ನೋದಾ! ನಮ್ಮ ಮನಿಯವರು ಅತ್ತಿಗೆ ಹೇಳಾಕ ಅಂಜಿ, ಮಠದ ಅಜ್ಜಾರನ್ನ ಕೇಳಾಕ ಹೋದ್ರಂತ. ಅಜ್ಜಾರು, "ಜೀವ ಇದ್ರ ಲಿಂಗಾ ಕಟಗೊಂತಾಳ, ತಿನ್ನಲಿ ಹೋಗು, ನನ್ನ ಮುಂದ ಹೇಳಿದ್ದು ಸಾಕು, ಊರ ಮುಂದ ಹೇಳಬ್ಯಾಡ," ಅಂದ್ರಂತ. ರುಕ್ಮಿಣೀಬಾಯಿಯವರು ಗ್ವಾಡಿ ಕಡೆ ಮುಖಾ ಮಾಡಿ, ಮೂಗು ಮುಚಕೊಂಡು, ರಾಮಾ ಕೃಷ್ಣಾ ಅನ್ಕೋತ ಮೀನೆಣ್ಣಿ ಕುಡೀತಿದ್ರು. "ದೇವರ ಹೆಸರು ತಗೊಂಡು ಕುಡದ್ರ ಮೀನಿಗೂ ಮೋಕ್ಷ ಸಿಗ್ತದ ಬಿಡ್ರಿ," ಅಂತ ಬಸಲಿಂಗವ್ವ. ನಗಬಾರದು, ನಕ್ರ ಕೆಮ್ಮು ಬರ್ತದ. ನಕ್ಕು ನಕ್ಕು ಕೆಮ್ಮಿದ್ವಿ.

ನನ್ನ ವಾರದಾಗ ಒಂದೇ ಹಬ್ಬ, ಸಂತಿ ದಿನ. ಅವತ್ತು ಅಗಸರ ಕಾಶವ್ವ ನೀಲಾನ್ನ ಕರಕೊಂಡು ಬರ್ತಿದ್ಳು. ಕಾಶವ್ವ ನಮ್ಮ ಮನಿ ಅರಿವಿನೂ ಒಗಿಯಾಕಿ, ದವಾಖಾನಿ ಅರಿವಿನೂ ಒಗಿಯಾಕಿ. ಆಕಿ ಮತ್ತ ಆಕಿ ನಾದಿನಿ ಎಲ್ಲವ್ವ ನಮ್ಮ ಹಾಸಿಗಿ ಅರಿವಿ, ನಾವು ಉಗುಳಿದ್ದು ವರಸಿದ ಚಿಂದಿ, ಎಲ್ಲಾ ಹಂಡೆದಾಗ ಕುದಿಸಿ ಒಗದು ಒಣಗಿಸಿ ತರೋರು. ನಮ್ಮ ಮನಿಯಿಂದ ಬ್ಯಾರೆ ಯಾರೂ ಕೂಸು ತರಾಕ ಆಗ್ತಿರಲಿಲ್ಲ. ಅತ್ತಿ ಈ ಕಡೆ ಹಾಯಾಕ ಅಂಜತಿದ್ರು. ನಮ್ಮ ಮನಿಯವರೋ, ಹಿರಿಯರ ಮುಂದ ತನ್ನ ಕೂಸು ತಾನು ಎತ್ತಿಕೊಳ್ಳೋ ಗಂಡಸ್ರು ನಮ್ಮ ಮನಿತನದಾಗ ಹುಟ್ಟೇ ಇಲ್ಲ. ಮಗಳು ತೊಡಿ ಮ್ಯಾಲ ಬಂದು ಕುಂತ್ರ ನಾಚಿಕೊಂಡು ಇಳಿಸ್ತಿದ್ರು.

ಕಾಶವ್ವ ಬೇಲಿ ಆಚೆ ನಿಂತು ನೀಲಾನ್ನ ಎರಡೂ ಕೈಲೆ ಮ್ಯಾಲ ಎತ್ತಿ ತೋರಿಸೋಳು. ನಾ ಕಟ್ಟೀ ಮ್ಯಾಲ. ನಡುವ ಅಂಗಳಾ, ಕಳ್ಳಿ. ನೀಲಾಗ ಹಲ್ಲು ಬಂದಿದ್ದು ಹಿಂಗ ನೋಡಿದೆ. ಕಿವಿ ಚುಚ್ಚಿಸಿದ್ದು ಹಿಂಗ ನೋಡಿದೆ. ಮಳಿಗಾಲ ಮುಗಿಯೋದ್ರಾಗ ಆಕಿ ಕಾಶವ್ವನ ಬೆರಳು ಹಿಡದು ಹೆಜ್ಜಿ ಹಾಕಿದ್ಳು. "ಅವ್ವಾ ಅನ್ನವ್ವಾ, ಅಲ್ಲಿ ನೋಡು ಅವ್ವ," ಅಂತ ಕಾಶವ್ವ ನನ್ನ ಕಡೆ ಬೆರಳು ಮಾಡಿ ಕಲಸೋಳು. ಕೂಸು ಕಾಶವ್ವನ ಮುಖಾ ನೋಡಿ "ಅವ್ವಾ" ಅಂತಿತ್ತು. ಕಾಶವ್ವ ನಾಲಿಗಿ ಕಡಕೊಂತಿದ್ಳು. ನಾ ಏನೂ ಆಗಿಲ್ಲದಂಗ ಕೈ ಬೀಸತಿದ್ದೆ. ಹಾಸಿಗಿಗೆ ಬಂದು ಮುಸುಗು ಹಾಕ್ಕೊಂತಿದ್ದೆ.

ದೀಪಾವಳಿ ಹೊತ್ತಿಗೆ ಜ್ವರ ಇಳೀತು. ಡಾಕ್ಟರು ಬೆನ್ನಿಗೆ ಕಿವಿ ಹಚ್ಚಿ ಭಾಳ ಹೊತ್ತು ಕೇಳಿ, "ಯುಗಾದಿತನಾ ಜ್ವರ ಬರದಿದ್ರ ಮನಿಗೆ ಹೋಗವ್ವಾ. ಮಗಳನ್ನ ಎತ್ತಿಕೊ," ಅಂದ್ರು. ಆ ಮಾತು ಹಿಡಕೊಂಡು ಕುಂತೆ. ಅವರು ಮಲಗು ಅಂದ್ರ ಮಲಗಿದೆ. ಮಾತಾಡಬ್ಯಾಡ ಅಂದ್ರ, ಮಾತಿಲ್ಲದ ಇರಲಾರದ ಸವಣೂರಾಕಿ ನಾ, ಮಾತೂ ಬಿಟ್ಟೆ. ಯುಗಾದಿ, ಯುಗಾದಿ ಅಂತ ಬಾಯಾಗ ಸಕ್ಕರಿ ಇಟಗೊಂಡಂಗ ಇಟಗೊಂಡಿದ್ದೆ.

ಯುಗಾದಿಗೆ ಇನ್ನೂ ಎರಡು ತಿಂಗಳಿತ್ತು. ಎಲ್ಲವ್ವಗ ಕೆಮ್ಮು ಹತ್ತಿತು. ನಮ್ಮ ಚಿಂದಿ ಒಗದು ಒಗದು ಆಕಿಗೆ ನಮ್ಮದೇ ಬ್ಯಾನಿ ಹತ್ತಿತ್ತು. ಡಾಕ್ಟರು ನೋಡಿ, ಈಕಿನ್ನ ಒಳಗ ಮಲಗಸಬೇಕು ಅಂದ್ರು. ದವಾಖಾನಿ ಕಟ್ಟಿಸಿ ನಡಸೋ ಪಂಚರು ಒಲ್ಲೆ ಅಂದ್ರು. ಹೆಂಗಸರಿಗೆ ಇರೋದೇ ನಾಕು ಹಾಸಿಗಿ, ಅವು ಮರ್ಯಾದಸ್ಥರ ಮನ್ಯಾಗಿನವರಿಗೆ. ಕೆಲಸದವರು ಮಲಗಾಕ ಸುರು ಮಾಡಿದ್ರ ಕೆಲಸಾ ಮಾಡೋರು ಯಾರು? ಎಲ್ಲವ್ವಗ ನಾಳಿಂದ ಬರಬ್ಯಾಡ ಅಂದ್ರು.

ಅವತ್ತು ಇಳಿಹೊತ್ತಿಗೆ ಕಾಶವ್ವ ನಮ್ಮ ಕಿಡಕಿಗೆ ಬಂದ್ಳು.

"ಸಣ್ಣವ್ವಾರ, ನಾಳಿಂದ ನಾವು ಯಾರೂ ಒಳಗ ಬರಂಗಿಲ್ರಿ. ನಿಮಗ ಹೇಳದ ಹೋಗಬಾರದು ಅಂತ ಬಂದೆ."

"ಎಲ್ಲಿಗೆ ಹೊಂಟಿ?"

"ಎಲ್ಲಿಗೂ ಇಲ್ರಿ. ಅಕಾ ಅಲ್ಲಿ ಬೇವಿನ ಗಿಡದ ಕೆಳಗ ಕುಂದ್ರತೀವಿ. ನೀರು ತರಾಂವ, ಕಸಾ ಹೊಡಿಯಾಕಿ, ಆಯಾ, ಎಲ್ಲಾರೂ. ಎಲ್ಲವ್ವಗ ಹಾಸಿಗಿ ಕೊಡೂತನಾ. ನಾ ಗಂಟು ಇಟ್ಟು ಬಂದೆ."

ಗಂಟು ಇಡೋದು ಅಂದ್ರ ನಮ್ಮ ಕಡೆ ಎಲ್ಲಾರಿಗೂ ಗೊತ್ತು. ಅಗಸರಿಗೆ ಯಾರರ ಅನ್ಯಾಯ ಮಾಡಿದ್ರ, ಅವರ ಮೈಲಿಗಿ ಅರಿವಿ ಗಂಟು ಒಗೀದನ ತಂದು ಹೊಸ್ತಿಲ ಮ್ಯಾಲ ಇಟ್ಟು ಹೋಗ್ತಾರ. ಆಮ್ಯಾಲೆ ಹರೇದವರು ಮುದುಕರು ಯಾವ ಅಗಸನೂ ಆ ಮನಿ ಅರಿವಿ ಮುಟ್ಟಂಗಿಲ್ಲ. ಎರಡಕ್ಕ ಅಷ್ಟ ಬಿಡುವು, ಹಡದ ಮನಿ ಅರಿವಿ, ಸತ್ತ ಮನಿ ಅರಿವಿ. ಎಂಥಾ ವೈರಿ ಇದ್ರೂ ಇವೆರಡೂ ಒಗದು ಕೊಡಬೇಕು. ದವಾಖಾನಿಗೂ ಅದ ಕಟ್ಲೆ ಹಚ್ಚಿದ್ರು ಅವರು. ಹೆರಿಗಿ ಖೋಲಿಗೆ ಬರ್ತೀವಿ, ಸತ್ರ ಬರ್ತೀವಿ ಅಂದ್ರು.

"ಹಂಗಾರ ನಾವು?" ಅಂದೆ ನಾನು.

ಕಾಶವ್ವ ತಲಿ ಕೆಳಗ ಹಾಕಿದ್ಳು. "ನೀವು ಹಡದೂ ಇಲ್ಲ, ಸತ್ತೂ ಇಲ್ರಿ."

"ತಡಿಯವ್ವಾ," ಅಂದ್ಳು ಬಸಲಿಂಗವ್ವ ಹಾಸಿಗ್ಯಾಗಿಂದನ, "ಒಂದಿಷ್ಟು ಪುರಸೊತ್ತು ಕೊಡು, ಎರಡರಾಗ ಒಂದು ಆಗ್ತೇವಿ."

ಎಲ್ಲಾರೂ ನಕ್ರು. ನನಗ ನಗು ಬರಲಿಲ್ಲ. "ಸಂತಿ ದಿನ ನೀಲಾನ್ನ?" ಅಂತ ಕೇಳಿದೆ.

"ಅದು ಕೆಲಸ ಅಲ್ಲಲ್ರಿ. ತರ್ತೇನಿ," ಅಂದ್ಳು.

ತರಲಿಲ್ಲ.

ಸಂತಿ ದಿನ ಮುಂಜಾನಿಂದ ಕಟ್ಟೀ ಮ್ಯಾಲ ಕುಂತೆ. ಬಂಡಿ ಬಂದುವು, ಹೋದುವು. ಕಾಶವ್ವ ಬೇವಿನ ಗಿಡದ ಕೆಳಗ ಬರಿಗೈಲೆ ಕುಂತಿದ್ಳು. ನನ್ನ ಕಡೆ ನೋಡಿದ್ರ ಬ್ಯಾರೆ ಕಡೆ ಮುಖಾ ತಿರುವಿದ್ಳು. ಮುಂದಿನ ಸಂತೀನೂ ಹಂಗ. ನನಗ ಎಂಥಾ ಸಿಟ್ಟು ಬಂತು! ಎಲ್ಲವ್ವಗ ಹಾಸಿಗಿ ಬೇಕು, ಬೇಡ ಅಂದವರು ಯಾರು? ನಾನೇನು ಪಂಚಳಾ? ನನ್ನ ಕೂಸು ಯಾಕ ತಡೀಬೇಕು? ಹಿಂಗ ಮನಸಿನ್ಯಾಗ ಆಕಿ ಜೋಡಿ ದಿನಾ ಜಗಳಾ ಆಡಿದೆ.

ಒಳಗಿನ ಪರಿಸ್ಥಿತಿ ಏನು ಹೇಳಲಿ. ಡಾಕ್ಟರು ಪಾಪ ತಾವೇ ಕೊಡಾ ಹೊತ್ತು ನೀರು ತಂದಿಡೋರು. ಹೆಣ್ಣುಮಕ್ಕಳ ಹಾಸಿಗಿ ಬದಲಿ ಮಾಡಾಕ ಬರ್ತಾದೇನ ಅವರಿಗೆ? ಯಾವುದು ಬದಲಿ, ಮಡಿ ಅರಿವಿ ಇದ್ರಲ್ಲ! ಬಸಲಿಂಗವ್ವ ಏಳೋ ಹಂಗಿರಲಿಲ್ಲ. ಆಕಿ ಹಾಸಿಗಿ ತೊಯ್ದು, ಅಲ್ಲೇ ಒಣಗಿ, ಮತ್ತ ತೊಯ್ತು. ಹೊಲಮನಿ ತುಂಬಿದ ಮನಿಯ ಯಜಮಾನತಿ. ಆ ಬಾಯಿ ಬಂದ್ ಆತು. ನನ್ನ ಸೀರಿ ಒಂದು ಹಾಸಿದೆ, ರುಕ್ಮಿಣೀಬಾಯಿಯವರು ತಮ್ಮ ಮಡಿ ಸೀರಿ ಕೊಟ್ರು. ಅದೂ ಒಂದು ದಿನಕ್ಕ ಮುಗೀತು. ಒಂದು ಮುಂಜಾನಿ ಬಸಲಿಂಗವ್ವ ಏಳಲಿಲ್ಲ.

ಆಗ ಬಂದ್ರು. ಕಟ್ಲೆ ಪ್ರಕಾರ. ಬೇವಿನ ಗಿಡದ ಕೆಳಗಿಂದ ಎಲ್ಲಾರೂ ಎದ್ದು ಬಂದು, ಖೋಲಿ ಸಾರಿಸಿ, ನೀರು ಕಾಸಿ, ಬೆಳ್ಳಗಿನ ಮಡಿ ಹಾಸಿ ಬಸಲಿಂಗವ್ವನ್ನ ಅದರ ಮ್ಯಾಲ ಮಲಗಿಸಿದ್ರು. ತಿಳವಳ್ಳಿಯಿಂದ ಬಂಡಿ ಬರೋತನಾ ಕಾಶವ್ವ ನೊಣಾ ಹೊಡಕೋತ ಕುಂತಿದ್ಳು. ನನಗ ತಡ್ಯಾಕ ಆಗಲಿಲ್ಲ.

"ಸತ್ತಾಕಿಗೆ ಮಡಿ ಹಾಸಿಗಿ, ಜೀವ ಇದ್ದಾಗ ಉಚ್ಚಿ ಹಾಸಿಗಿ! ಯಾವ ಊರ ಕಟ್ಲೆ ಕಾಶವ್ವ ಇದು?"

"ಬೈರಿ ಸಣ್ಣವ್ವಾರ," ಅಂದ್ಳು ಆಕಿ. ಕಣ್ಣೀರು ಗದ್ದಕ್ಕ ಇಳೀತಿತ್ತು, ವರಸಿಕೊಳ್ಳಲಿಲ್ಲ. "ಬೈರಿ. ನಮ್ಮ ಎಲ್ಲವ್ವ ಅಲ್ಲಿ ಗಿಡದ ಕೆಳಗ ಮಲಗ್ಯಾಳ. ಆಕಿಗೆ ಯಾವ ಹಾಸಿಗಿನೂ ಇಲ್ರಿ."

ನನ್ನ ಸಿಟ್ಟು ಹೋಗಲಿಲ್ಲ. ಡಾಕ್ಟರು ಹೇಳಿದ್ರು, ಬಸಲಿಂಗವ್ವ ಹೆಂಗಿದ್ರೂ ಉಳೀತಿರಲಿಲ್ಲ ಅಂತ. ಇರಬಹುದು. ಸಾಯೋದು ಒಂದು, ಹೆಂಗ ಸತ್ಲು ಅನ್ನೋದು ಇನ್ನೊಂದು.

ಮೂರನೇ ಸಂತಿ ದಿನ. ನಾನು ಕಟ್ಟೀಗೆ ಹೋಗಬಾರದು ಅಂತ ಹಟಾ ಹಿಡದು ಮಲಗಿದ್ದೆ. ಹಿರೇಕೆರೂರ ಹುಡುಗಿ, ಎಂದೂ ಮಾತಾಡದಾಕಿ, "ಅಕ್ಕಾರ, ಹೊರಗ ಬರ್ರಿ," ಅಂದ್ಳು. ಬಂದು ನೋಡಿದ್ರ ತಿಳವಳ್ಳಿ ಹಾದಿ ಮ್ಯಾಲ, ತುಂಬಿದ ಸಂತಿ ಮಂದಿ ನಡುವ, ನಮ್ಮ ಮನಿಯವರು ನೀಲಾನ್ನ ಬಗಲಾಗ ಎತ್ತಿಕೊಂಡು ಬರಾಕತ್ತಿದ್ರು. ಎತ್ತಿಕೊಳ್ಳಾಕ ಬರೂದಿಲ್ಲ ಅವರಿಗೆ. ಜ್ವಾಳದ ಚೀಲಾ ಹಿಡದಂಗ ಹಿಡದಿದ್ರು. ಕೂಸಿನ ಲಂಗಾ ಮ್ಯಾಲೇರಿತ್ತು, ಅವರ ಟೊಪಿಗಿ ಕೂಸಿನ ಕೈಯಾಗಿತ್ತು. ಮಂದಿ ನಿಂತು ನೋಡಿ ನಗತಿದ್ರು. ಅವರ ಮುಖಾ ಕೆಂಪಾಗಿತ್ತು, ಆದ್ರ ನಿಲ್ಲಲಿಲ್ಲ, ಬೇಲಿತನಾ ಬಂದ್ರು.

"ಕಾಶವ್ವ ಕೈಬಿಟ್ಲಂತ ನೀವು ಬಂದ್ರೇನು?" ಅಂತ ಒದರಿ ಕೇಳಿದೆ.

"ಕಾಶವ್ವ ಎಲ್ಲಿ ಕೈಬಿಟ್ಲು?" ಅಂದ್ರು ಅವರು. "ಎರಡೂ ಸಂತಿಗೆ ಬಂದು ಬಾಗಲದಾಗ ನಿಂತಿದ್ಳು. ಅವ್ವ ಕೊಡಲಿಲ್ಲ. ನನ್ನ ಸೊಸಿ ಹಾಸಿಗಿ ಒಗಿಯಾಕ ಒಲ್ಲೆ ಅಂದಾಕಿ ಕೈಯಾಗ ನನ್ನ ಮೊಮ್ಮಗಳನ್ನ ಕೊಡಂಗಿಲ್ಲ ಅಂದ್ಳು. ಸಣ್ಣವ್ವಾರಿಗೆ ಹೇಳಬ್ಯಾಡ್ರಿ, ಅತ್ತಿ ಮ್ಯಾಲ ಸಿಟ್ಟಾಗ್ತಾರ ಅಂತ ಕಾಶವ್ವನೇ ಅಂದ್ಳು ನನಗ."

ನಾನು ಬೇವಿನ ಗಿಡದ ಕಡೆ ನೋಡಿದೆ. ಕಾಶವ್ವ ಎಲ್ಲವ್ವನ ಬೆನ್ನು ತಿಕ್ಕಾಕತ್ತಿದ್ಳು. ಎಲ್ಲವ್ವ ಕೆಮ್ಮತಿದ್ಳು. ನನಗ ಆ ಕೆಮ್ಮು ಗೊತ್ತು, ಎಲ್ಲಿಂದ ಏಳ್ತದ, ಎಲ್ಲಿ ನೋಯಿಸ್ತದ, ಎಲ್ಲಾ ಗೊತ್ತು. ನನ್ನ ಎದಿಯಾಗಿಂದನ ಹೋಗಿತ್ತು ಅದು ಆಕಿಗೆ. ಒಳಗ ಬಸಲಿಂಗವ್ವನ ಹಾಸಿಗಿ ಖಾಲಿ ಬಿದ್ದಿತ್ತು. ಯಾರರ ದೊಡ್ಡವರ ಮನ್ಯಾಗಿನವರು ಬಂದ್ರ ಬೇಕಾಗ್ತದ ಅಂತ ಪಂಚರು ಇಡಿಸಿದ್ರು.

"ಮುಂದಿನ ಸಂತಿಗೂ ತರ್ತೀರೇನ್ರಿ?" ಅಂತ ಕೇಳಿದೆ.

"ತರ್ತೇನಿ. ನಗೋರು ನಗಲಿ," ಅಂದ್ರು.

ಒಳಗ ಬಂದು ರುಕ್ಮಿಣೀಬಾಯಿಯವರಿಗೆ ಹೇಳಿದೆ, "ಬಾಯಾರ, ಮನಿಗೆ ಹೋಗೂಣೇನ್ರಿ?"

"ಮನಿಗ್ಯಾ? ನಮ್ಮನಿಯೊಳಗ ನನ್ನ ತಾಟು ಸುದ್ದಾ ಹಿತ್ತಲದೊಳಗ ಹುಗದಾರಂತ. ನಾ ಹೋದ್ರ ಬಾಗಲಾ ತಗ್ಯಾವ್ರು ಯಾರದಾರ?"

"ಅದಕ್ಕ ಹೋಗೂಣ್ರಿ," ಅಂದೆ.

ತಿಳಿಯಾಕ ಅವರಿಗೆ ಜರಾ ಹೊತ್ತು ಹತ್ತಿತು. ನಾವು ಹೊಂಟ್ರ ಪಂಚರು ಅಂಜಿ ಎಲ್ಲವ್ವಗ ಆ ಖಾಲಿ ಹಾಸಿಗಿ ಕೊಡ್ತಾರ ಅಂತ ತಿಳದ ಮ್ಯಾಲ, ಆ ಮಡಿ ಹೆಂಗಸು ಬಾಯಿಗೆ ಸೆರಗು ಹಚ್ಚಿ ನಕ್ರು. "ಎಲ್ಲವ್ವ ನನ್ನ ಬಾಜೂಕ ಮಲಗಾಕಿ," ಅಂತ ಒಮ್ಮೆ ಅಂದ್ರು. ಆಮ್ಯಾಲೆ, "ನನ್ನ ಚಿಂದಿ ಒಗದಾಳ ಆಕಿ, ಇನ್ನೇನ ಮಡಿ ಉಳೀತು," ಅಂತ ಎದ್ದು ಗಂಟು ಕಟ್ಟಿದ್ರು.

ಮರುವಾರ ಸಂತಿ ತುಂಬಿದ ಹೊತ್ತಿನ್ಯಾಗ ಮೂರೂ ಮಂದಿ ಗಂಟು ಬಗಲಾಗ ಹಿಡಕೊಂಡು ದವಾಖಾನಿ ಅಗಸಿ ಬಾಗಲಕ್ಕ ಬಂದು ನಿಂತ್ವಿ. ಹಾದಿ ಮ್ಯಾಲಿನ ಮಂದಿ ಗಪ್ಪಂತ ದೂರ ಸರೀತು. ಎತ್ತೊಂದು ನಿಂತಿತು ನೋಡ್ರಿ, ಮನಷ್ಯಾರು ಯಾರೂ ನಿಲ್ಲಲಿಲ್ಲ. ಸುದ್ದಿ ಹೋಗಿ ಪಂಚರ ಹಿರಿಯ ಟಾಂಗಾದಾಗ ಓಡಿ ಬಂದ. ಧೋತರದ ಚುಂಗು ಮೂಗಿಗೆ ಹಿಡಕೊಂಡು ಅಷ್ಟು ದೂರ ನಿಂತ.

"ಏನವ್ವಾ ಇದು? ಒಳಗ ನಡೀರಿ! ಊರಾಗ ರೋಗ ಹಬ್ಬತದ!"

"ಮನಿಗೆ ಹೊಂಟೇವ್ರಿ," ಅಂದೆ ನಾ. "ಇಲ್ಲಿ ಮಡಿ ಅರಿವಿ ಇಲ್ಲ, ನೀರಿಲ್ಲ. ಮನ್ಯಾಗ ಅದಾವ. ನಾವು ಬರ್ತೇವಿ ಅಂತ ಹೇಳಿ ಕಳಸ್ರಿ."

"ಯುದ್ಧದ ಕಾಲ ಇದು, ಹಟಾ ಹಿಡದು ಕುಂದ್ರಾಕ ಕಾಯ್ದೆ ಇಲ್ಲ. ಗಿಡದ ಕೆಳಗ ಅವರು, ಅಗಸ್ಯಾಗ ನೀವು! ಪೋಲಿಸರನ್ನ ಕರಸ್ತೇನಿ. ಡಾಕ್ಟರ, ಹಿಡೀರಿ ಇವರನ್ನ!"

"ನಾ ಡಾಕ್ಟರು, ಫೌಜದಾರ ಅಲ್ರಿ," ಅಂದ್ರು ನಮ್ಮ ಡಾಕ್ಟರು. ಪಂಚರಿಗೆ ಅವರು ಎದುರು ಮಾತಾಡಿದ್ದು ನಾ ಅವತ್ತ ಕೇಳಿದ್ದು.

ಅಲ್ಲಿಂದ ಹಾನಗಲ್ಲ ಕಾಣತಿತ್ತು. ಕೆರಿ ಏರಿ, ಅದರಾಚೆ ನಮ್ಮ ಓಣಿ ಹಂಚು. ಅವತ್ತು ನಮ್ಮ ಮನಿಯವರು ಇನ್ನೂ ಬಂದಿರಲಿಲ್ಲ, ನೀಲಾ ಮನ್ಯಾಗ ಇದ್ಳು. ನಾ ಸುಮ್ಮನ ಬೆದರಿಕಿ ಹಾಕಾಕ ಅಂತ ಬಂದಾಕಿ, ಆ ಹಂಚು ನೋಡಿದ ಕೂಡಲೇ ಕಾಲು ತಾವ ನಡಿಯಾಕ ಸುರು ಮಾಡಿದುವು. ಯಾರು ತಡೀತಾರ? ಮುಟ್ಟಾಕ ಯಾರಿಗೂ ಧೈರ್ಯ ಇಲ್ಲ. ಹೋಗಿ ಬಾಗಲಾ ದೂಡಿ ಕೂಸು ಎತ್ತಿಕೊಂಡ್ರ ಆತು, ಒಮ್ಮೆ, ಆಮ್ಯಾಲೆ ಏನರ ಆಗಲಿ. ಒಲ್ಲೆ ಅನ್ನಲಿ ಶಿವನೇ, ಈ ಹಿರಿಯ ಒಲ್ಲೆ ಅನ್ನಲಿ, ನಾ ಮನಿಗೆ ಹೋಗ್ತೇನಿ ಅಂತ ಬೇಡಕೊಂಡೆ. ಹಿಂದ ಎಲ್ಲವ್ವ ಕೆಮ್ಮಿದ್ದು ಕೇಳಿಸತಿತ್ತು, ಆದ್ರೂ ಹಂಗ ಬೇಡಕೊಂಡೆ.

"ಏನು ಬೇಕು ನಿಮಗ?" ಅಂತ ಒದರಿದ ಹಿರಿಯ.

ನಾನು ಬಾಯಿ ತಗೀಲಿಲ್ಲ. ರುಕ್ಮಿಣೀಬಾಯಿಯವರು ಹೇಳಿದ್ರು, "ಬಸಲಿಂಗವ್ವನ ಹಾಸಿಗಿ ಎಲ್ಲವ್ವಗ ಕೊಡ್ರಿ. ಮುಂದನೂ ಇಲ್ಲಿ ಕೆಲಸಾ ಮಾಡಿ ಬ್ಯಾನಿ ಹಚ್ಚಿಕೊಂಡವ್ರಿಗೆ ಇಲ್ಲೇ ಔಷಧಾ ಆಗಲಿ."

ಅಂವ ಸಂತಿ ಮಂದೀನ್ನ ನೋಡಿದ, ನಮ್ಮನ್ನ ನೋಡಿದ. "ಕೊಟ್ಟೇನಿ, ಕೊಟ್ಟೇನಿ, ಒಳಗ ನಡೀರಿ!" ಅಂದ.

ನಮ್ಮನ್ನ ಎಲ್ಲಾರೂ ಮನ್ಯಾಗ ಒಲ್ಲೆ ಅಂತಿದ್ರಲ್ಲ, ಅದ ನಮ್ಮ ಬಲಾ ಆತು. ಗೆದ್ವಿ. ಬೇವಿನ ಗಿಡದ ಕೆಳಗ ಕೇಕಿ ಹೊಡದ್ರು. ಕಾಶವ್ವ ಓಡಿ ಬಂದು ನನ್ನ ಗಂಟು ಇಸಕೊಳ್ಳಾಕ ಕೈ ಚಾಚಿದ್ಳು. ನಾ ಕೊಡಲಿಲ್ಲ, ಊರ ಕಡೆ ನೋಡಕೋತ ನಿಂತೆ. "ಸಣ್ಣವ್ವಾರ," ಅಂದ್ಳು ಆಕಿ ಮೆಲ್ಲಕ. ಆಕಿಗೆ ತಿಳದಿತ್ತು. ಗಂಟು ಕೊಟ್ಟು ಒಳಗ ಬಂದೆ.

ಮರುದಿನ ಜ್ವರ ಬಂತು. ಬಿಸಲಾಗ ನಿಂತಿದ್ದಕ್ಕೋ, ಮನಸಿಗೆ ಹತ್ತಿಸಿಕೊಂಡಿದ್ದಕ್ಕೋ, ಆ ದಿನಗಳ ಹೊಲಸಿಗೋ, ಯಾರಿಗೆ ಗೊತ್ತು. ಯುಗಾದಿ ದಿನ ಡಾಕ್ಟರು ಜ್ವರದ ನಳಗಿ ನೋಡಿ ಕಿಸೇದಾಗ ಇಟಗೊಂಡ್ರು, ಮನಿಗೆ ಹೋಗು ಅನ್ನಲಿಲ್ಲ. ಅತ್ತಿ ಬೇವು ಬೆಲ್ಲಾ ಕಳಸಿದ್ರು. ಬೆಲ್ಲಾ ಹಿರೇಕೆರೂರ ಹುಡುಗಿಗೆ ಕೊಟ್ಟೆ.

ಎಲ್ಲವ್ವ ನನ್ನ ಬಲಕ್ಕ ಮಲಗಿದ್ಳು. ಮಡಿ ಹಾಸಿಗ್ಯಾಗ ಮಲಗಾಕ ಅಂಜತಿದ್ಳು, ಮೊದಲಿನ ದಿನಾ ಅಂಚಿಗೇ ಮುದುಡಿಕೊಂಡು ಮಲಗಿದ್ಳು. "ಇದನ್ನ ಎಷ್ಟು ಸಲ ಕುದಿಸೇನ್ರಿ ಸಣ್ಣವ್ವಾರ, ಮಲಗಿದ್ರ ಹಿಂಗಿರ್ತದಂತ ಗೊತ್ತಿರಲಿಲ್ಲ," ಅಂದ್ಳು. ಮಳಿಗಾಲ ಕಳೀಲಿಲ್ಲ ಆಕಿ. ಸತ್ಲು, ಹೌದು. ಗಿಡದ ಕೆಳಗ ಸಾಯಲಿಲ್ಲ. ಕಾಶವ್ವನ ತೊಡಿ ಮ್ಯಾಲ ತಲಿ ಇಟ್ಟು, ತೊಳದ ಹಾಸಿಗಿ ಮ್ಯಾಲ ಸತ್ಲು.

ಇದನ್ನ ಈಗ ಯಾಕ ಬರದೆ ಅಂದ್ರ, ಮೊನ್ನೆ ಟಪಾಲಿನವರು ಸಂಪು ಅಂತ ಕೆಲಸಾ ನಿಲ್ಲಿಸಿದಾಗ ನಮ್ಮ ಪಡಸಾಲ್ಯಾಗ ದೊಡ್ಡ ವಾದ ಆತು. ರೈಲಿನವರು, ಟಪಾಲಿನವರು, ದವಾಖಾನಿಯವರು ಕೆಲಸಾ ಬಿಟ್ಟು ಕುಂದ್ರಬಾರದು, ಕಾಯ್ದೆ ಮಾಡಬೇಕು ಅಂತ ಬಂದವರೆಲ್ಲಾ ಅಂದ್ರು. ಬಿಟ್ಟು ಕುಂತಾಗ ಹಾಸಿಗ್ಯಾಗ ಮಲಗಿದ್ದಾಕಿ ಆ ಮನ್ಯಾಗ ನಾನೊಬ್ಬಾಕಿ. ನನ್ನ ಯಾರೂ ಕೇಳಲಿಲ್ಲ, ಆದ್ರೂ ಹೇಳ್ತೇನಿ. ಅವರು ಕುಂದ್ರಲಿ. ಕುಂದ್ರೋ ಹಕ್ಕು ಇರಬೇಕು. ಕುಂದ್ರದಿದ್ರ ಎಲ್ಲವ್ವ ಇದ್ಳು ಅಂತ ಯಾವ ಪಂಚನಿಗೂ ಗೊತ್ತಾಗ್ತಿರಲಿಲ್ಲ. ಆದ್ರ ಬಸಲಿಂಗವ್ವನ ಹಾಸಿಗಿ ನಾ ನೋಡೇನಿ. ಹಡದಾಕಿ, ಸತ್ತಾಕಿ ಜೋಡಿ, ಬ್ಯಾನಿಯಾಗಿ ಮಲಗಿದಾಕಿನ್ನೂ ಆ ಕಟ್ಲ್ಯಾಗ ಸೇರಿಸ್ರಿ ಅಂತ ಕಾಶವ್ವಗ ನಾ ಇವತ್ತಿಗೂ ಜಗಳಾ ತಗೀತೇನಿ. "ಮಲಗಿದವರನ್ನೂ ಬಿಟ್ರ ನಮ್ಮ ಮಾತು ಯಾರು ಕೇಳ್ತಾರ್ರಿ?" ಅಂತಾಳ ಆಕಿ. ಎದಿ ಬ್ಯಾನಿಯಾಗಿ ಎಲ್ಲೋ ಕಿಡಕಿ ಪಕ್ಕಕ್ಕ ಮಲಗಿ ಇದನ್ನ ಓದಾಕತ್ತಾಕಿ ಇದ್ರ, ಅವ್ವಾ, ಇದಕ್ಕ ಉತ್ತರಾ ನಿನಗರ ಹೊಳೀತೇನೋ ನೋಡು.

ನನ್ನನ್ನ ಮನಿಗೆ ಕಳಿಸಿದ್ದು ಅದರ ಮುಂದಿನ ದೀಪಾವಳಿಗೆ. ಭಾರ ಎತ್ತಬ್ಯಾಡ, ಕೊಡಾ ಹಿಡೀಬ್ಯಾಡ ಅಂತ ಡಾಕ್ಟರು ಹೇಳಿ ಕಳಿಸಿದ್ರು. ಅತ್ತಿ ಆರತಿ ಎತ್ತಿದ್ರು, ಅಳಕೋತ. ನೀಲಾ ಅವರ ಸೀರಿ ಹಿಂದ ನಿಂತಿದ್ಳು, ಎರಡು ವರ್ಷ ದಾಟಿದಾಕಿ, ಉದ್ದನ್ನ ಲಂಗಾ, ಎರಡು ಗಿಡ್ಡ ಜಡಿ. ಓಡತಿದ್ಳು, ಮಾತಾಡತಿದ್ಳು. ಬಗಲಾಗ ಇಟಗೊಂಡು ತಿರುಗೋ ಕೂಸು ಎಲ್ಲೂ ಇರಲಿಲ್ಲ ಆ ಮನ್ಯಾಗ. ನಾ ಹಂಬಲಿಸಿದ್ದು ಆ ಏಳು ತಿಂಗಳಿನ ಕೂಸಿಗೆ. ಅದನ್ನ ನನಗ ಯಾರೂ ತಿರುಗಿ ಕೊಡಾಕ ಆಗ್ತಿರಲಿಲ್ಲ.

"ಬಾ," ಅಂತ ಕೈ ಚಾಚಿದೆ. ಆಕಿ ಬರಲಿಲ್ಲ. ನಾನ ಹೋಗಿ ಎತ್ತಿಕೊಂಡೆ. ಕಾಲು ಬಡದ್ಳು, ಅತ್ಳು, ಆಮ್ಯಾಲೆ ನನ್ನ ಕೊರಳು ಮೂಸಿ ಸುಮ್ಮನಾದ್ಳು. ಭಾರ ಆಗಿದ್ಳು. ನನಗ ಉಸರು ಹತ್ತಿತು.

"ಇಳಸು, ಇಳಸು, ಎದಿ ನೋಯ್ತದ," ಅಂದ್ರು ಅತ್ತಿ.

ನೋಯಾಕತ್ತಿತ್ತು. ನಾ ಇಳಸಲಿಲ್ಲ.